ಕೆಮ್ಮಿದರೆ ಮೂತ್ರ ಸೋರುತ್ತಾ? ನಾನು ಮಾಡಿ ನೋಡಿದ ನಾಲ್ಕೈದು ದಾರಿಗಳ ಹೋಲಿಕೆ

ಎರಡನೇ ಹೆರಿಗೆ ಆದ ಮೇಲೆ ಶುರುವಾಗಿ, ನಲವತ್ತು ದಾಟಿದ ಮೇಲೆ ಜಾಸ್ತಿಯಾದ ತೊಂದರೆ ಇದು. ಸೀನಿದರೆ, ಜೋರಾಗಿ ನಕ್ಕರೆ, ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಎತ್ತಿದರೆ ಒಂದೆರಡು ಹನಿ ಹೊರಗೆ ಬಂದುಬಿಡುತ್ತಿತ್ತು. ನಮ್ಮ ಕಡೆ ಹೆಂಗಸರು ಇದನ್ನು ಅಕ್ಕತಂಗಿಯರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಹೇಳಿದರೂ 'ಎರಡು ಹೆತ್ತಿದ್ದೀಯ, ಇರುತ್ತೆ ಬಿಡು' ಅನ್ನುವ ಉತ್ತರ. ಇರುತ್ತೆ ನಿಜ, ತುಂಬಾ ಜನಕ್ಕೆ ಇರುತ್ತೆ. ಆದರೆ ಕಡಿಮೆ ಮಾಡಿಕೊಳ್ಳಬಹುದು, ಎಷ್ಟೋ ಜನಕ್ಕೆ ಪೂರ್ತಿ ನಿಲ್ಲುತ್ತೆ ಕೂಡ. ಅದಕ್ಕೇ ಇಷ್ಟು ಬಿಚ್ಚಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮದು ಯಾವ ಬಗೆಯ ಸೋರಿಕೆ ಅಂತ ನೋಡಿಕೊಳ್ಳಿ. ಕೆಮ್ಮು, ಸೀನು, ಜಿಗಿತ, ಭಾರ ಎತ್ತುವುದು, ಇಂಥ ಹೊತ್ತಲ್ಲಿ ಸೋರಿದರೆ ಅದು ಒತ್ತಡದ ಸೋರಿಕೆ. ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರುತ್ತೆ, ಕೆಳಗಿನಿಂದ ಮೂತ್ರಚೀಲವನ್ನು ಹಿಡಿದಿಡುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಅದನ್ನು ತಡೆಯುವುದಿಲ್ಲ. ಇದ್ದಕ್ಕಿದ್ದಂತೆ ತಡೆಯಲಾಗದ ಅವಸರ ಬಂದು, ಬಾತ್‌ರೂಮ್ ಬಾಗಿಲು ಮುಟ್ಟುವಷ್ಟರಲ್ಲಿ ಸೋರಿದರೆ ಅದು ಅವಸರದ ಸೋರಿಕೆ. ಎರಡೂ ಸೇರಿಯೂ ಇರಬಹುದು. ನನ್ನದು ಮುಕ್ಕಾಲು ಪಾಲು ಮೊದಲನೆಯದು, ಕಾಫಿ ಜಾಸ್ತಿಯಾದ ದಿನ ಎರಡನೆಯದೂ ಸೇರಿಕೊಳ್ಳುತ್ತಿತ್ತು.

ಮೊದಲ ದಾರಿ, ಮನೆಯಲ್ಲೇ ಕೆಗೆಲ್. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದ, ಹೆಸರು ಹಾಗೆ ಬಂತು. ಹಿಂದಿನಿಂದ ಗಾಳಿ ಹೋಗದಂತೆ ತಡೆದು, ಜೊತೆಗೇ ಮೂತ್ರ ತಡೆಯುವವರ ಹಾಗೆ ಒಳಗಿನಿಂದ ಬಿಗಿಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕು. ಕೆಲವು ಸೆಕೆಂಡ್ ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಅನ್ನುವುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಕಾಸು ಖರ್ಚಿಲ್ಲ, ಬಸ್ಸಿನಲ್ಲಿ ಕೂತೂ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಫೋನಿನಲ್ಲಿ ನೆನಪಿಸುವ ಆ್ಯಪ್‌ಗಳೂ ಇವೆ, ಮರೆವಿಗೆ ಅವು ಒಳ್ಳೆಯದೇ.

ಆದರೆ ಈ ಸ್ನಾಯು ಕಣ್ಣಿಗೆ ಕಾಣುವುದಿಲ್ಲ. ತೋಳಾದರೆ ಕನ್ನಡಿಯಲ್ಲಿ ನೋಡಿ ಸರಿ ಮಾಡಿಕೊಳ್ಳಬಹುದು, ಇದನ್ನು ಹೇಗೆ ನೋಡುವುದು? ತುಂಬಾ ಜನ ಮೇಲಕ್ಕೆ ಎಳೆಯುವ ಬದಲು ಮಲ ವಿಸರ್ಜನೆಗೆ ತಿಣುಕುವವರ ಹಾಗೆ ಕೆಳಕ್ಕೆ ತಳ್ಳುತ್ತಾರೆ. ಇಲ್ಲವೇ ಉಸಿರು ಕಟ್ಟಿ ತೊಡೆ, ಪೃಷ್ಠ ಎಲ್ಲ ಬಿಗಿ ಮಾಡುತ್ತಾರೆ. ಕೆಳಕ್ಕೆ ತಳ್ಳಿದರೆ ಸೋರಿಕೆ ಕಡಿಮೆಯಾಗುವ ಬದಲು ಹೆಚ್ಚಬಹುದು. ಆ್ಯಪ್ ಗಂಟೆ ಬಾರಿಸುತ್ತೆ ಅಷ್ಟೇ, ಸರಿಯಾಯಿತಾ ಅಂತ ಹೇಳುವುದಿಲ್ಲ. ಇನ್ನೊಂದು ಮಾತು: ಮೂತ್ರ ಮಾಡುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡಿ ಅಂತ ಹೇಳುವವರಿದ್ದಾರೆ. ಅದನ್ನು ದಿನನಿತ್ಯದ ವ್ಯಾಯಾಮ ಮಾಡಿಕೊಳ್ಳಬೇಡಿ, ಮೂತ್ರಚೀಲ ಪೂರ್ತಿ ಖಾಲಿಯಾಗದೆ ಬೇರೆ ತೊಂದರೆ ಬರಬಹುದು.

ಎರಡನೆಯದು, ಯೋಗ ಕ್ಲಾಸ್. ಮೂಲಬಂಧ, ಅಶ್ವಿನಿ ಮುದ್ರೆ ಎರಡರಲ್ಲೂ ಇದೇ ಜಾಗದ ಸ್ನಾಯುಗಳಿಗೆ ಕೆಲಸ. ಬೆಳಗ್ಗೆ ಎದ್ದು ಹೋಗುವ ಶಿಸ್ತು, ಜೊತೆಗೆ ನಾಲ್ಕು ಜನ ಇರುವುದು, ಉಸಿರಿನ ಕಡೆ ಗಮನ, ಇದೆಲ್ಲ ನನಗೆ ಮನೆಯ ವ್ಯಾಯಾಮದಲ್ಲಿ ಸಿಕ್ಕಿರಲಿಲ್ಲ. ಬೆನ್ನುನೋವೂ ಕಡಿಮೆಯಾಯಿತು. ಆದರೆ ಬಂಧ ಸರಿಯಾಗಿ ಬೀಳುತ್ತಿದೆಯಾ ಅಂತ ಪರೀಕ್ಷಿಸುವವರು ಇಲ್ಲೂ ಇಲ್ಲ. ಗುರುಗಳು ಗಂಡಸರಾಗಿದ್ದರೆ ಕೇಳುವುದೂ ಕಷ್ಟ ಅಲ್ವಾ? ಜೊತೆಗೆ ಕಪಾಲಭಾತಿ, ನೌಕಾಸನದಂಥವು ಹೊಟ್ಟೆಯ ಒತ್ತಡ ಏರಿಸುತ್ತವೆ. ನನಗೆ ಕಪಾಲಭಾತಿ ಮಾಡುವಾಗಲೇ ಸೋರುತ್ತಿತ್ತು. ಸೋರುವ ಆಸನವನ್ನು ಸದ್ಯಕ್ಕೆ ಬಿಟ್ಟು, ಉಳಿದದ್ದನ್ನು ಮಾಡಿ. ಕೆಗೆಲ್ ಜೊತೆಗೆ ಯೋಗ ಒಳ್ಳೆಯ ಜೋಡಿ, ಕೆಗೆಲ್ ಬದಲಿಗೆ ಸಾಲದು ಅನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಫಿಸಿಯೋಥೆರಪಿ. ನನ್ನ ಮಟ್ಟಿಗೆ ಎಲ್ಲವನ್ನೂ ಬದಲಾಯಿಸಿದ್ದು ಇದೇ. ಸ್ತ್ರೀರೋಗ ತಜ್ಞೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಚೀಟಿ ಬರೆದುಕೊಟ್ಟರು. ನಮ್ಮೂರಲ್ಲಿ ಪೆಲ್ವಿಕ್ ಫ್ಲೋರ್ ನೋಡುವ ಫಿಸಿಯೋ ಇಲ್ಲ, ಬೆಂಗಳೂರಿಗೆ ಹೋಗಬೇಕಾಯಿತು. ಒಳಗೆ ಬೆರಳಿಟ್ಟು ಪರೀಕ್ಷೆ ಮಾಡುತ್ತಾರೆ. ಮುಂಚೆ ವಿವರಿಸಿ ಒಪ್ಪಿಗೆ ಕೇಳುತ್ತಾರೆ, ಬೇಡ ಅನ್ನುವ ಹಕ್ಕು ನಮಗಿದೆ. 'ಈಗ ಬಿಗಿಹಿಡಿಯಿರಿ, ಈಗ ಎತ್ತಿ, ಈಗ ಬಿಡಿ' ಅನ್ನುತ್ತಾ ಸ್ನಾಯುವಿನ ಬಲಕ್ಕೆ 0ರಿಂದ 5ರವರೆಗೆ ಅಂಕ ಕೊಡುತ್ತಾರೆ. ನನಗೆ ಸಿಕ್ಕಿದ್ದು 2. ಆ ಅಂಕ ನೋಡಿ ಬೇಜಾರಾಗಲಿಲ್ಲ, ಬದಲಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಮೊದಲ ಸಲ ಗೊತ್ತಾಯಿತು.

ಅವರು ಕಲಿಸಿದ್ದರಲ್ಲಿ ಬೇಗ ಫಲ ಕೊಟ್ಟದ್ದು ಒಂದು ಸಣ್ಣ ಉಪಾಯ. ಕೆಮ್ಮು, ಸೀನು ಬರುವ ಕ್ಷಣಕ್ಕೆ ಮುಂಚೆಯೇ ಸ್ನಾಯು ಬಿಗಿಹಿಡಿದು, ಆಮೇಲೆ ಕೆಮ್ಮುವುದು. ಕ್ಯಾನ್ ಎತ್ತುವ ಮುಂಚೆ, ಸಿಲಿಂಡರ್ ಸರಿಸುವ ಮುಂಚೆ, ಕುರ್ಚಿಯಿಂದ ಏಳುವ ಮುಂಚೆ ಕೂಡ ಹಾಗೇ. ಸ್ನಾಯು ಬಲಿಯುವುದಕ್ಕೆ ತಿಂಗಳುಗಳು ಬೇಕು, ಈ ಉಪಾಯಕ್ಕೆ ಸ್ವಲ್ಪ ಅಭ್ಯಾಸ ಸಾಕು. ಇನ್ನೊಂದು, ಸಡಿಲ ಬಿಡುವುದು. ಕೆಲವರಿಗೆ ಸ್ನಾಯು ಸದಾ ಬಿಗಿಯಾಗೇ ಇರುತ್ತೆ, ಸಂಭೋಗದಲ್ಲಿ ನೋವು, ಮೂತ್ರ ಶುರುವಾಗುವುದಕ್ಕೇ ತಡ, ಹೀಗೆಲ್ಲ ಆಗುತ್ತೆ. ಅಂಥವರು ಸುಮ್ನೆ ಕೆಗೆಲ್ ಮಾಡುತ್ತಾ ಹೋದರೆ ತೊಂದರೆ ಹೆಚ್ಚಬಹುದು. ಇದನ್ನು ಕೈಯಿಟ್ಟು ನೋಡಿದವರು ಮಾತ್ರ ಹೇಳಬಲ್ಲರು. ಕೊರತೆ ಅಂದರೆ ದುಡ್ಡು, ದೂರ, ಮತ್ತೆ ಮನೆಯಲ್ಲಿ 'ಇದಕ್ಕೆಲ್ಲ ಬೆಂಗಳೂರಿಗೆ ಹೋಗಬೇಕಾ' ಅನ್ನುವ ಪ್ರಶ್ನೆ. ಹೋಗಬೇಕು.

ನಾಲ್ಕನೆಯದು, ಕರೆಂಟ್ ಯಂತ್ರ. ಯೋನಿಯೊಳಗೆ ಸಣ್ಣ ಕಡ್ಡಿಯಂಥದ್ದು ಇಟ್ಟುಕೊಂಡರೆ ಹಗುರ ಕರೆಂಟ್ ಹರಿದು ಸ್ನಾಯು ತಾನಾಗೇ ಬಿಗಿಯಾಗುತ್ತೆ. ನೋವಿಲ್ಲ, ಜುಮುಜುಮು ಅಷ್ಟೇ. ತಾನಾಗಿ ಬಿಗಿಹಿಡಿಯಲು ಬರದವರಿಗೆ ಇದು ದಾರಿ ತೋರಿಸುತ್ತೆ. ಈಗಾಗಲೇ ಹಿಡಿಯಲು ಬರುವವರಿಗೆ ವ್ಯಾಯಾಮಕ್ಕಿಂತ ಹೆಚ್ಚಿನ ಲಾಭ ನನಗಂತೂ ಕಾಣಲಿಲ್ಲ. ಬಸುರಿಯರು, ಪೇಸ್‌ಮೇಕರ್ ಇರುವವರು ಬಳಸಲೇಬಾರದು. ಯೋನಿಯಲ್ಲಿ ಇಟ್ಟುಕೊಳ್ಳುವ ತೂಕದ ಕೋನ್‌ಗಳೂ ಸಿಗುತ್ತವೆ. ಏನೂ ಮಾಡದಿರುವುದಕ್ಕಿಂತ ಮೇಲು, ಆದರೆ ನನಗೆ ಕಿರಿಕಿರಿಯಾಗಿ ಬಿಟ್ಟೆ.

ಅಮ್ಮನ ಸಲಹೆ ಬಾಣಂತನದ ಹೊಟ್ಟೆ ಕಟ್ಟು. ಹಳೆ ಹತ್ತಿ ಸೀರೆಯ ಹದವಾದ ಕಟ್ಟು ಬೆನ್ನಿಗೆ ಆಸರೆ, ಆದರೆ ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಕ್ಕೇ ಇಳಿಯುತ್ತೆ.

ಇನ್ನು ಪ್ಯಾಡ್. ವಾಸಿಯಾಗುವವರೆಗೆ ಬಟ್ಟೆ ಒದ್ದೆಯಾಗದೆ ಓಡಾಡಬೇಕಲ್ಲ. ಮುಟ್ಟಿನ ಪ್ಯಾಡ್ ಎಲ್ಲ ಅಂಗಡಿಯಲ್ಲೂ ಸಿಗುತ್ತೆ, ಅಗ್ಗ, ಆದರೆ ಅದು ನಿಧಾನಕ್ಕೆ ಬರುವ ಗಟ್ಟಿ ರಕ್ತಕ್ಕೆ ಮಾಡಿದ್ದು. ಮೂತ್ರ ತೆಳು, ಒಮ್ಮೆಲೇ ಬರುತ್ತೆ, ಪಕ್ಕಕ್ಕೆ ಹರಿಯುತ್ತೆ, ಚರ್ಮ ಕೆಂಪಾಗುತ್ತೆ. ಮೂತ್ರಕ್ಕೆಂದೇ ಮಾಡಿದ ತೆಳು ಪ್ಯಾಡ್‌ನಲ್ಲಿ ಹೀರಿ ಜೆಲ್ ಮಾಡುವ ಪುಡಿ ಇರುತ್ತೆ, ವಾಸನೆಯೂ ಕಡಿಮೆ. ಬೆಲೆ ಜಾಸ್ತಿ, ನಮ್ಮೂರಲ್ಲಿ ಆನ್‌ಲೈನ್‌ನಲ್ಲೇ ತರಿಸಬೇಕು. ಮದುವೆ, ದೂರದ ಬಸ್ ಪ್ರಯಾಣಕ್ಕೆ ಇದು. ಮನೆಯಲ್ಲಿದ್ದಾಗ ಒಗೆದು ಬಳಸುವ ಪ್ಯಾಡ್ ಇರುವ ಒಳಉಡುಪು ನನಗೆ ಹಿತ. ಮಳೆಗಾಲದಲ್ಲಿ ಅದು ಒಣಗುವುದೇ ಕಷ್ಟ.

ನೀರು ಕುಡಿಯದಿರುವುದು ಪರಿಹಾರ ಅಲ್ಲ. ಪ್ರಯಾಣ ಅಂದರೆ ಬೆಳಗ್ಗಿನಿಂದ ತೊಟ್ಟು ನೀರೂ ಕುಡಿಯದ ಹೆಂಗಸರು ಎಷ್ಟು ಜನ! ಮೂತ್ರ ಗಾಢವಾದರೆ ಮೂತ್ರಚೀಲ ಕೆರಳುತ್ತೆ, ಮಲಬದ್ಧತೆ ಬರುತ್ತೆ, ತಿಣುಕಿದರೆ ಅದೇ ಸ್ನಾಯು ಮತ್ತೆ ದುರ್ಬಲ. ನಾನು ನೀರು ಬಿಡಲಿಲ್ಲ, ಮಧ್ಯಾಹ್ನದ ಮೇಲಿನ ಫಿಲ್ಟರ್ ಕಾಫಿ ಬಿಟ್ಟೆ. ಅವಸರದ ಸೋರಿಕೆಗೆ ಇದು ಯಾವ ಯಂತ್ರಕ್ಕಿಂತಲೂ ಹೆಚ್ಚು ಸಹಾಯ ಮಾಡಿತು, ಒತ್ತಡದ ಸೋರಿಕೆಗೆ ಏನೂ ವ್ಯತ್ಯಾಸವಾಗಲಿಲ್ಲ.

ಮೂತ್ರದಲ್ಲಿ ರಕ್ತ, ಉರಿ, ಜ್ವರ, ಮೂತ್ರ ಕಟ್ಟಿಕೊಳ್ಳುವುದು, ತೊಡೆಸಂದಿಯಲ್ಲಿ ಮರಗಟ್ಟುವಿಕೆ, ಕೆಳಗೆ ಏನೋ ಗಂಟು ಜಾರಿದ ಹಾಗೆ ಅನಿಸುವುದು, ಇವುಗಳಲ್ಲಿ ಯಾವುದಿದ್ದರೂ ಈ ಹೋಲಿಕೆಯನ್ನೆಲ್ಲ ಬದಿಗಿಟ್ಟು ಡಾಕ್ಟರ್ ಹತ್ತಿರ ಹೋಗಿ. ಮೂತ್ರ ಕಟ್ಟಿಕೊಂಡರೆ, ಮರಗಟ್ಟಿದರೆ ಅದೇ ದಿನ ಹೋಗಿ.

ಬೆಂಗಳೂರಿಗೆ ಹೋಗಲು ಆಗದವರು ಹತ್ತಿರದ ಸ್ತ್ರೀರೋಗ ತಜ್ಞೆಯ ಬಳಿ ಪರೀಕ್ಷೆಗೆ ಮಲಗಿದಾಗ ಒಂದು ಮಾತು ಕೇಳಿ: 'ಮೇಡಂ, ಈಗ ಬಿಗಿಹಿಡಿಯುತ್ತೇನೆ, ಮೇಲಕ್ಕೆ ಎಳೆಯುತ್ತಿದೆಯಾ, ಕೆಳಕ್ಕೆ ತಳ್ಳುತ್ತಿದೆಯಾ ನೋಡಿ ಹೇಳಿ.' ಎರಡು ನಿಮಿಷದ ಕೆಲಸ ಅದು. ಮೇಲಕ್ಕೆ ಎಳೆಯುತ್ತಿದೆ ಅಂದರೆ ಮನೆಯ ಕೆಗೆಲ್ ಧೈರ್ಯವಾಗಿ ಮುಂದುವರಿಸಿ.