ಮಲೆನಾಡಿನ ಮಳೆಯಲ್ಲಿ ಕಿಲಿಮ್ ಮತ್ತು ನವಲಗುಂದದ ಜಮಖಾನ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಕೈಮಗ್ಗದ ಎರಡು ಹಳೆಯ ನೆಲಹಾಸುಗಳಿವೆ. ಒಂದು ತುರ್ಕಿಯ ಅನಟೋಲಿಯಾದ ಉಣ್ಣೆಯ ಕಿಲಿಮ್. ಇನ್ನೊಂದು ಅಜ್ಜಿಯ ಕಾಲದಿಂದ ಉಳಿದು ಬಂದ ನವಲಗುಂದದ ಹತ್ತಿಯ ಜಮಖಾನ. ನಾಲ್ಕು ಮಳೆಗಾಲ ಇವೆರಡನ್ನೂ ಬಳಸಿ ನೋಡಿದ್ದೇನೆ.

ಎರಡಕ್ಕೂ ರತ್ನಗಂಬಳಿಯಂತೆ ಗಂಟು ಹಾಕಿದ ಜುಂಗು ಇಲ್ಲ. ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಹಾಸಿನ ನೂಲು ಕಾಣದಷ್ಟು ಒತ್ತಾಗಿ ಬಡಿದ, ಅಡ್ಡಕ್ಕೆ ಸಾಗುವ ಹೊಕ್ಕಿನ ನೂಲಿನಿಂದಲೇ ಚಿತ್ತಾರ ಮೂಡುತ್ತದೆ. ಆದರೆ ನಮ್ಮ ಕಿಲಿಮ್‌ನಲ್ಲಿ ಬಣ್ಣ ಬದಲಾಗುವ ಕಡೆ ಎರಡು ಹೊಕ್ಕುಗಳು ಒಂದನ್ನೊಂದು ಹೆಣೆದುಕೊಳ್ಳದೆ ತಂತಮ್ಮ ಗಡಿಯಿಂದಲೇ ಹಿಂದಿರುಗುವುದರಿಂದ ಸಣ್ಣ ಸೀಳು ಉಳಿಯುತ್ತದೆ. ಸೀಳು ಉದ್ದವಾದರೆ ನೇಯ್ಗೆ ಸಡಿಲಗೊಳ್ಳುತ್ತದೆಂಬ ಕಾರಣಕ್ಕೇ ವಿನ್ಯಾಸ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಸಾಗುತ್ತದೆ. ಸಾಗರದ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ನೋಡಿ ಬೆಳೆದ ಕಣ್ಣಿಗೆ ಈ ಗೆರೆಗಳ ಶಿಸ್ತು ಕೂಡಲೇ ಆಪ್ತವಾಗುತ್ತದೆ. ಜಮಖಾನದ್ದು ಪಗಡೆ ಹಾಸಿನ ಚೌಕಗಳು ಮತ್ತು ನವಿಲು; ಅದನ್ನು ನೇಯ್ದವರೂ ಹೆಣ್ಣುಮಕ್ಕಳೇ.

ಬಣ್ಣದಲ್ಲಿ ಕಿಲಿಮ್‌ಗೆ ಸಾಟಿಯಿಲ್ಲ. ನಮ್ಮ ಮಂಜಿಷ್ಠದ ಸೋದರ ಗಿಡವಾದ ಮ್ಯಾಡರ್‌ನ ಬೇರಿನಿಂದ ತೆಗೆದ ಅದರ ಕೆಂಪು, ಒಂದೊಂದು ಪಟ್ಟಿಯಲ್ಲಿ ಒಂದೊಂದು ಛಾಯೆಯಾಗಿದೆ. ಇದನ್ನು ಅಬ್ರಾಶ್ ಎನ್ನುತ್ತಾರೆ. ನನಗೆ ಇದೇ ಅದರ ಪ್ರಾಣ. ಮಾರಿದವರು 200 ವರ್ಷ ಹಳೆಯದೆಂದಿದ್ದರು. ಆದರೆ ಕಿತ್ತಳೆ ಬಣ್ಣದ ಭಾಗವು ಮೇಲ್ಮೈಯಲ್ಲಿ ಮಾಸಿ ಹಿಂಬದಿಯಲ್ಲಿ ಕಡುವಾಗಿ ಉಳಿದಿತ್ತು, ಒದ್ದೆಯಾದ ಬಿಳಿ ಬಟ್ಟೆಗೂ ಅಂಟಿತು. ಇವು ಆರಂಭಕಾಲದ ಕೃತಕ ಬಣ್ಣದ ಲಕ್ಷಣಗಳು. ಅನಿಲೀನ್ ಎಂಬ ರಾಸಾಯನಿಕದಿಂದ ತಯಾರಾಗುವ ಮೊದಲ ಕೃತಕ ಬಣ್ಣವನ್ನು ಬ್ರಿಟಿಷ್ ರಸಾಯನಶಾಸ್ತ್ರಜ್ಞ ಪರ್ಕಿನ್ ಕಂಡುಕೊಂಡದ್ದೇ 1856ರಲ್ಲಿ. ಆ ಭಾಗ ಅನಂತರದ ತೇಪೆಯಲ್ಲದಿದ್ದರೆ ಅವರ ಮಾತು ನಿಲ್ಲುವುದಿಲ್ಲ. ಕೊಳ್ಳುವ ಮೊದಲೇ ಹಿಂಬದಿಯನ್ನು ತಿರುಗಿಸಿ ನೋಡಬೇಕಿತ್ತು.

ಆಷಾಢದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ನುಸಿಯ ಮರಿಹುಳುಗಳಿಗೆ ಆಹಾರ. ಎರಡನೆಯ ಮಳೆಗಾಲದಲ್ಲಿ ಅಂಚಿನ ಒಂದು ಗೇಣನ್ನು ಅವು ತಿಂದವು. ಲಾವಂಚದ ಬೇರು ಇಟ್ಟಿದ್ದೆ, ಪ್ರಯೋಜನವಾಗಲಿಲ್ಲ. ಈಗ ಮಡಿಕೆ ಬೀಳದಂತೆ ಸುರುಳಿ ಸುತ್ತಿ, ಒಗೆದ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ. ಜಮಖಾನಕ್ಕೆ ನುಸಿಯ ಭಯವಿಲ್ಲ. ಬೂಷ್ಟು ಹಿಡಿದರೆ ಬಿಸಿಲು ಬಿದ್ದ ದಿನ ಹರವಿ ಕೊಡವಿದರೆ ಸಾಕು.

ಹಾಗಾಗಿ ಜಮಖಾನ ವರ್ಷವಿಡೀ ಜಗಲಿಯ ಮೇಲಿದೆ. ಕಿಲಿಮ್ ದೀಪಾವಳಿಯಿಂದ ಯುಗಾದಿಯವರೆಗೆ ಮಾತ್ರ ನೇರ ಬಿಸಿಲು ತಾಕದ ಒಳಗೋಡೆಯ ಮೇಲೆ ತೂಗುತ್ತದೆ. ಇನ್ನೊಂದನ್ನು ಕೊಳ್ಳುವಷ್ಟು ಹಣ ಕೂಡಿದರೆ, ಈ ಎಲ್ಲ ಕಾವಲಿನ ಅರಿವಿದ್ದೂ ನಾನು ಕಿಲಿಮ್ ಅನ್ನೇ ಕೊಳ್ಳುತ್ತೇನೆ.