ಪೈಕ್ ಮೀನಿನ ಕವಲು ಮುಳ್ಳು: ನಾಲ್ಕು ವಿಧಾನ, ಯಾವುದು ಯಾವ ಮೀನಿಗೆ?

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಚಳಿಗಾಲ ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು ಗಾಳ ಹಾಕುವವರಿಗೆ ನಾರ್ದರ್ನ್ ಪೈಕ್ ಎಂಬ ಸಿಹಿನೀರಿನ ಮೀನು ಧಾರಾಳವಾಗಿ ಸಿಗುತ್ತದೆ. ಮಾಂಸ ಬೆಳ್ಳಗೆ, ಗಟ್ಟಿಯಾಗಿ, ಹೆಚ್ಚು ವಾಸನೆಯಿಲ್ಲದೆ ಇರುತ್ತದೆ. ಆದರೂ ಎಷ್ಟೋ ಜನ ಅದನ್ನು ಮುಟ್ಟುವುದಿಲ್ಲ. ಕಾರಣ, ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಸಣ್ಣ ಮುಳ್ಳುಗಳ ಸಾಲು.

ಹಿಡಿದ ಮೀನಿನಲ್ಲಿ ಯಾವ ಗಾತ್ರದ್ದು ಮನೆಗೆ ಬರುತ್ತದೆ ಎಂಬುದರ ಮೇಲೆ ವಿಧಾನ ನಿಂತಿದೆ. 2018ರಿಂದ ರಾಜ್ಯವನ್ನು ಪೈಕ್ ಮಟ್ಟಿಗೆ ಮೂರು ವಲಯ ಮಾಡಿದ್ದಾರೆ. ಉತ್ತರ-ಮಧ್ಯ ವಲಯದಲ್ಲಿ 10 ಮೀನು ಇಟ್ಟುಕೊಳ್ಳಬಹುದು. ಆದರೆ 22ರಿಂದ 26 ಇಂಚಿನವನ್ನೆಲ್ಲ ಬಿಡಬೇಕು, 26 ಇಂಚು ದಾಟಿದವು ಎರಡಕ್ಕಿಂತ ಹೆಚ್ಚಿರಬಾರದು. ಹಾಗಾಗಿ ಅಡುಗೆಮನೆಗೆ ಬರುವುದು ಹೆಚ್ಚಾಗಿ 22 ಇಂಚಿನ, ಅಂದರೆ 56 ಸೆಂ.ಮೀ. ಒಳಗಿನ ತೆಳು ಮೀನೇ. ಚಿಕ್ಕ ಪೈಕ್ ತುಂಬಿಹೋದ ಸರೋವರಗಳಲ್ಲಿ ಅವನ್ನು ತೆಗೆದು ತಿನ್ನುವುದು ಒಳ್ಳೆಯದೇ. ಅದಕ್ಕೇ ಈ ಮುಳ್ಳಿನ ಕೆಲಸ ಕಲಿಯಲೇಬೇಕು ಎನ್ನುವುದು.

ಮೊದಲು ಮುಳ್ಳು ಎಲ್ಲಿದೆ ನೋಡಿ. ಪಕ್ಕೆಲುಬು ಹೊಟ್ಟೆಯನ್ನು ಸುತ್ತುವರಿದಿದೆ, ಅದನ್ನು ತೆಗೆಯುವುದು ಸುಲಭ. ಅದಕ್ಕಿಂತ ಮೇಲೆ, ಬೆನ್ನಿನ ಮಾಂಸದೊಳಗೆ, ತಲೆಯ ಹಿಂದಿನಿಂದ ಹೆಚ್ಚುಕಡಿಮೆ ಗುದದ್ವಾರದ ನೇರದವರೆಗೆ ಕವಲು ಮುಳ್ಳುಗಳು ಓರೆಯಾಗಿ ಮಲಗಿವೆ. ಅಲ್ಲಿಂದ ಬಾಲದವರೆಗಿನ ಮಾಂಸದಲ್ಲಿ ಕಾಟವಿಲ್ಲ. ರೋಹು, ಕಟ್ಲಾದ ಮುಳ್ಳು ಬಿಡಿಸಿ ಅಭ್ಯಾಸವಿರುವವರು ಇದನ್ನು ಗಮನಿಸಬೇಕು: ಆ ಮೀನುಗಳಲ್ಲಿ ಬಾಲದ ಕಡೆಯೂ ಮುಳ್ಳಿದೆ, ಆದ್ದರಿಂದ ಪೈಕಿನ ಲೆಕ್ಕ ಅಲ್ಲಿಗೆ ನಡೆಯುವುದಿಲ್ಲ.

ಐದು ತುಂಡಿನ ಕೊಯ್ತ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಮೀನನ್ನು ಹೊಟ್ಟೆ ಕೆಳಗೆ ಮಾಡಿ ನಿಲ್ಲಿಸಿ. ತಲೆಯ ಹಿಂದೆ ನೇರ ಕೆಳಗೆ ಕೊಯ್ಯುತ್ತ ಹೋದರೆ ಚಾಕು ಮುಳ್ಳಿಗೆ ತಗಲುತ್ತದೆ. ಅಲ್ಲೇ ನಿಲ್ಲಿಸಿ, ಅಲಗನ್ನು ಬಾಲದ ಕಡೆಗೆ ಮಲಗಿಸಿ ಮುಳ್ಳಿನ ತುದಿಗಳ ಮೇಲೆಯೇ ಜಾರಿಸುತ್ತ ಬೆನ್ನಿನ ರೆಕ್ಕೆಯವರೆಗೆ ಬನ್ನಿ. ಪೈಕಿನ ಬೆನ್ನಿನ ರೆಕ್ಕೆ ತೀರಾ ಹಿಂದೆ ಇರುವುದರಿಂದ ಉದ್ದನೆಯ ಪಟ್ಟಿಯೇ ಸಿಗುತ್ತದೆ. ಜಾರಿಸುವಾಗ ಅಲಗಿನಡಿ ಟಿಕ್ ಟಿಕ್ ಎಂದು ಕೈಗೆ ತಿಳಿಯುತ್ತಿರಬೇಕು. ಆ ಸದ್ದು ನಿಂತರೆ ಚಾಕು ಮೇಲೆ ಹೋಗಿ ಮಾಂಸ ಬಿಟ್ಟುಹೋಗುತ್ತಿದೆ ಎಂದರ್ಥ. ಗರಗಸದಂತೆ ಗಟ್ಟಿ ಎಳೆದರೆ ಮುಳ್ಳೇ ತುಂಡಾಗುತ್ತಿದೆ.

ಬೆನ್ನಿನ ಪಟ್ಟಿ ಎತ್ತಿದ ಜಾಗದಲ್ಲಿ ಎರಡೂ ಬದಿ ಮುಳ್ಳಿನ ತುದಿಗಳು ಚುಕ್ಕಿಯ ಸಾಲಾಗಿ ಕಾಣುತ್ತವೆ. ಚುಕ್ಕಿಗಳ ಹೊರಗಡೆಗೆ ಚಾಕು ಇಟ್ಟು, ಮುಳ್ಳಿನ ಬಾಗು ಹೇಗಿದೆಯೋ ಹಾಗೇ ಕೆಳಗಿಳಿಸಿ, ಪಕ್ಕೆಲುಬಿನ ಮೇಲೆ ಹಾಯಿಸಿ ಪಕ್ಕದ ತುಂಡು ಬಿಡಿಸಿ. ಇನ್ನೊಂದು ಬದಿಯೂ ಹೀಗೇ. ಉಳಿದದ್ದು ಬಾಲದ ಎರಡು ತುಂಡು: ಬೆನ್ನೆಲುಬಿನ ಎರಡೂ ಕಡೆ ಚಾಕು ಓಡಿಸಿದರೆ ಆಯಿತು. ಚರ್ಮ ಕೊನೆಗೆ ತೆಗೆಯಿರಿ. ಅಸ್ಥಿಪಂಜರದ ಮೇಲೆ ಸ್ವಲ್ಪ ಮಾಂಸ ಉಳಿಯುತ್ತದೆ, ಅದು ಈ ವಿಧಾನದ ಬೆಲೆ. 18 ಇಂಚಿಗಿಂತ ಚಿಕ್ಕ ಮೀನಿನಲ್ಲಿ ಪಕ್ಕದ ತುಂಡು ಬೆರಳಷ್ಟೇ ಆಗುತ್ತದೆ, ಶ್ರಮಕ್ಕೆ ತಕ್ಕದ್ದಲ್ಲ.

ಮುಳ್ಳಿನ ಪಟ್ಟಿ ತೆಗೆಯುವುದು. ಮಾಮೂಲಿನಂತೆ ಇಡೀ ಬದಿಯ ಮಾಂಸ ಬಿಡಿಸಿ, ಚರ್ಮದ ಬದಿ ಕೆಳಗೆ ಹಾಕಿ, ತಲೆಯ ಕಡೆಯಿಂದ ಬೆರಳಾಡಿಸಿ ಮುಳ್ಳಿನ ಸಾಲು ಗುರುತಿಸಿ. ಸಾಲಿನ ಮೇಲ್ಗಡೆ ಒಂದು, ಕೆಳಗಡೆ ಒಂದು ಗೀರು ಹಾಕಿ ಪಟ್ಟಿಯನ್ನು ಎಳೆದು ತೆಗೆಯಿರಿ. ಕೇಳಲು ಇದು ಸುಲಭ, ಆದರೆ ಹೆಚ್ಚು ಜನ ಕೆಡಿಸುವುದು ಇಲ್ಲೇ. ಮುಳ್ಳು ಓರೆ, ಚಾಕು ನೆಟ್ಟಗೆ. ಹಾಗೆ ಕೊಯ್ದರೆ ಕವಲಿನ ತುದಿ ತುಂಡಾಗಿ ಮಾಂಸದಲ್ಲೇ ಉಳಿಯುತ್ತದೆ. ಇಡೀ ಮುಳ್ಳಾದರೆ ಬೆರಳಿಗೆ ಸಿಗುತ್ತಿತ್ತು, ಈ ಚೂರು ಗಂಟಲಿಗೇ ಸಿಗುವುದು. ಅಲಗನ್ನು ಮುಳ್ಳಿನ ಓರೆಗೆ ವಾಲಿಸಿ, ತುದಿಯಿಂದ ಸಣ್ಣ ಸಣ್ಣ ಎಳೆತದಲ್ಲಿ ಹೋಗಿ. 26 ಇಂಚು ದಾಟಿದ ಮೀನಿಗೆ ಇದೇ ನನ್ನ ಆಯ್ಕೆ, ದೊಡ್ಡ ಅಖಂಡ ತುಂಡು ಸಿಗುತ್ತದೆ. ಚಿಕ್ಕದರಲ್ಲಿ ಮುಳ್ಳು ಕೂದಲಿನಂತಿದ್ದು ಬೆರಳಿಗೆ ತಿಳಿಯುವುದೇ ಇಲ್ಲ.

ಈ ಎರಡೂ ವಿಧಾನಕ್ಕೆ ಮೀನು ತಣ್ಣಗಿರಬೇಕು, ಹೆಪ್ಪುಗಟ್ಟಿರಬಾರದು. ಮೈನಸ್ 20 ಡಿಗ್ರಿಯಲ್ಲಿ ಬರಿಯ ಐಸಿನ ಮೇಲೆ ಎಸೆದ ಪೈಕ್ ಬೇಗನೆ ಕಟ್ಟಿಗೆಯಾಗುತ್ತದೆ. ಅದನ್ನು ಬಗ್ಗಿಸಿ ಚೀಲಕ್ಕೆ ತುರುಕಿದರೆ ಮಾಂಸದ ಪದರು ಬಿರುಕು ಬಿಡುತ್ತದೆ, ಕರಗಿದ ಮೇಲೆ ನೀರೊಡೆದು ಮೆತ್ತಗಾಗುತ್ತದೆ. ಹಿಡಿದ ಕೂಡಲೇ ತಲೆಗೆ ಹೊಡೆದು ಕೊಂದು, ಕಿವಿರು ಕತ್ತರಿಸಿ ರಕ್ತ ಇಳಿಸಿ, ಮುಚ್ಚಳವಿರುವ ಕೂಲರಿನಲ್ಲಿ ಬಗ್ಗಿಸದೆ ನೆಟ್ಟಗೆ ಇಡಿ. ಇಲ್ಲಿ ಕೂಲರಿನ ಕೆಲಸ ಹೆಪ್ಪುಗಟ್ಟದಂತೆ ಕಾಯುವುದು. ಗಾತ್ರದ ಮಿತಿ ಇರುವುದರಿಂದ ತಲೆ, ಬಾಲ ಕತ್ತರಿಸದೆ ಇಡೀ ಮೀನನ್ನು ಮನೆಗೆ ತಂದೇ ಕೊಯ್ಯಿರಿ. ಮೈಮೇಲಿನ ಲೋಳೆಗೆ ವಿನೆಗರ್ ಹಚ್ಚಿ ಒರೆಸಿದರೆ ಕೈಯಿಂದ ಜಾರುವುದಿಲ್ಲ.

ಗೀರು ಹಾಕಿ ಹುರಿಯುವುದು. 18 ಇಂಚಿನ ಒಳಗಿನದಕ್ಕೆ ಮುಳ್ಳು ತೆಗೆಯುವ ಗೋಜೇ ಬೇಡ. ಹುರುಪೆ ಹೆರೆದು, ಚರ್ಮ ಉಳಿಸಿಕೊಂಡು ಬದಿಯ ಮಾಂಸ ಬಿಡಿಸಿ, ಪಕ್ಕೆಲುಬು ತೆಗೆದು, ಮಾಂಸದ ಕಡೆಯಿಂದ ಅಡ್ಡಡ್ಡ 3 ಮಿ.ಮೀ.ಗೆ ಒಂದರಂತೆ ಚರ್ಮ ಮುಟ್ಟುವವರೆಗೆ ಗೀರಿ. ಚರ್ಮ ಕತ್ತರಿಸಬೇಡಿ. 180 ಡಿಗ್ರಿ ಸೆಲ್ಸಿಯಸ್ ಮೇಲಿನ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮುಳ್ಳಿನ ಚೂರು ಗರಿಗರಿಯಾಗಿ ಮಾಂಸದೊಂದಿಗೇ ಹೋಗುತ್ತದೆ. ನಮ್ಮ ರವೆ ಫ್ರೈ ಮಾಡುವವರು ಒಂದು ಬದಲಾವಣೆ ಮಾಡಿಕೊಳ್ಳಬೇಕು: ಮಸಾಲೆ ದಪ್ಪಗೆ ಮೆತ್ತಿ ರವೆ ಒತ್ತಿದರೆ ಗೀರುಗಳು ಮುಚ್ಚಿಹೋಗುತ್ತವೆ, ಎಣ್ಣೆ ಒಳಗಿಳಿಯದೆ ಮುಳ್ಳು ಹಸಿಯಾಗಿಯೇ ಉಳಿಯುತ್ತದೆ. ಉಪ್ಪು, ಖಾರ, ಅರಿಶಿನ ತೆಳ್ಳಗೆ ಸವರಿ, ಅಕ್ಕಿಹಿಟ್ಟು ಉದುರಿಸಿ ಕೊಡವಿದರೆ ಸಾಕು. ತವೆಯ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಇದು ಆಗುವುದಿಲ್ಲ. ಹುಣಸೆಹುಳಿ ಹಾಕಿದ ಸಾರಿನಲ್ಲೂ ಅರ್ಧ ಗಂಟೆಗೆ ಮುಳ್ಳು ಕರಗುವುದಿಲ್ಲ.

ವಿನೆಗರಿನಲ್ಲಿ ಹಾಕಿಡುವುದು. ಮೀನು ಹೆಚ್ಚು, ಸಮಯ ಕಡಿಮೆ ಇದ್ದಾಗ ಇದು. ಆಮ್ಲ ಮುಳ್ಳಿನ ಸುಣ್ಣವನ್ನು ಕರಗಿಸಿ ಮೆತ್ತಗೆ ಮಾಡುತ್ತದೆ. ಆದರೆ ಪೈಕಿನಲ್ಲಿ ಮನುಷ್ಯರಿಗೂ ಅಂಟುವ ಲಾಡಿಹುಳದ ಮರಿ ಇರಬಹುದು, ಅದು ಉಪ್ಪು, ವಿನೆಗರಿಗೆ ಸಾಯುತ್ತದೆಂದು ನಂಬಬಾರದು. ಮೈನಸ್ 20 ಡಿಗ್ರಿಯಲ್ಲಿ 7 ದಿನ ಫ್ರೀಜ್ ಮಾಡಿದ ಮೇಲೆಯೇ ಮುಂದಿನದು. ಮನೆಯ ಫ್ರೀಜರ್ ಅಷ್ಟು ಇಳಿಯುತ್ತದೆಯೇ ಎಂದು ಥರ್ಮಾಮೀಟರ್ ಇಟ್ಟು ನೋಡಿ, ಬಹಳಷ್ಟು ಮೈನಸ್ 18ಕ್ಕೇ ನಿಲ್ಲುತ್ತವೆ.

ಚರ್ಮ ತೆಗೆದು 2 ಸೆಂ.ಮೀ. ತುಂಡು ಮಾಡಿ, 1 ಲೀಟರ್ ನೀರಿಗೆ 250 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ ಅದರಲ್ಲಿ 48 ಗಂಟೆ ಫ್ರಿಜ್ಜಿನಲ್ಲಿಡಿ. ತೊಳೆದು, ಶೇಕಡಾ 5 ಆಮ್ಲದ ಬಿಳಿ ವಿನೆಗರಿನಲ್ಲಿ ಸಕ್ಕರೆ, ಸಾಸಿವೆ, ಕರಿಮೆಣಸು, ಲವಂಗ, ಈರುಳ್ಳಿ ಹಾಕಿ ಗಾಜಿನ ಜಾಡಿಯಲ್ಲಿ ತುಂಬಿ. ವಿನೆಗರಿಗೆ ನೀರು ಬೆರೆಸಿದರೆ ಮುಳ್ಳು ಮೆತ್ತಗಾಗುವುದು ತಡ, ಕೆಡುವ ಭಯವೂ ಹೆಚ್ಚು. ಒಂದು ವಾರದಲ್ಲಿ ಮುಳ್ಳು ಹಲ್ಲಿಗೆ ತಿಳಿಯದಷ್ಟು ಮೆತ್ತಗಾಗುತ್ತದೆ. ನಮ್ಮ ಉಪ್ಪಿನಕಾಯಿಯಂತೆ ಹೊರಗಿಡುವ ಪದಾರ್ಥ ಇದಲ್ಲ: ಮೊದಲಿನಿಂದ ಕೊನೆಯವರೆಗೂ 4 ಡಿಗ್ರಿ ಫ್ರಿಜ್ಜಿನಲ್ಲೇ ಇರಬೇಕು, 4ರಿಂದ 6 ವಾರದೊಳಗೆ ತಿಂದು ಮುಗಿಸಬೇಕು.