ಸಿಲಿಕಾ ಪೇಸ್ಟಾ, ಕ್ಯಾಲ್ಸಿಯಂ ಪೇಸ್ಟಾ?

ಪುಣೆಯಲ್ಲಿ ಹೊಸದಾಗಿ ಮನೆ ಮಾಡಿದ ಹುಬ್ಬಳ್ಳಿಯ ಗೆಳತಿ, ಯಾವ ಟೂತ್‌ಪೇಸ್ಟ್ ತಗೊಳ್ಳಲಿ ಅಂತ ಕೇಳಿದಳು. ಎರಡನ್ನೂ ಲೋಟದ ನೀರಿನಲ್ಲಿ ಕಲಸಿ ತೋರಿಸಿದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಪೇಸ್ಟ್ ಹಾಲಿನಂತಾಗಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ಬಿಳಿ ಗಸಿ ಕೂತಿತು. ಅದು ಕರಗುವುದಿಲ್ಲ, ಉಜ್ಜುವುದೇ ಅದರ ಕೆಲಸ ಅಲ್ವಾ. ಸಿಲಿಕಾನೂ ಹಾಗೇ.

ನಿಜವಾದ ವ್ಯತ್ಯಾಸ, ಹಲ್ಲು ಹುಳುಕಾಗದಂತೆ ಕಾಯುವ ಫ್ಲೋರೈಡ್‌ನಲ್ಲಿದೆ. ಸಿಲಿಕಾ ಪೇಸ್ಟಿಗೆ ಸಾಮಾನ್ಯವಾಗಿ ಹಾಕುವ ಸೋಡಿಯಂ ಫ್ಲೋರೈಡ್ ನೀರಿನಲ್ಲಿ ಬೇಗ ಕರಗಿ ಕೆಲಸಕ್ಕೆ ಸಿಗುತ್ತದೆ. ಆದರೆ ಕ್ಯಾಲ್ಸಿಯಂ ಜೊತೆಗಿಟ್ಟರೆ ಟ್ಯೂಬಿನೊಳಗೇ ಅದಕ್ಕೆ ಅಂಟಿಕೊಂಡು ಸುಮ್ನೆ ವ್ಯರ್ಥ. ಅದಕ್ಕೇ ಕ್ಯಾಲ್ಸಿಯಂ ಪೇಸ್ಟಿಗೆ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಎಂಬ ಇನ್ನೊಂದು ಬಗೆಯ ಫ್ಲೋರೈಡ್ ಸಂಯುಕ್ತ ಹಾಕುತ್ತಾರೆ. ಬಾಯಿಯ ಕಿಣ್ವಗಳು ಅದನ್ನು ಒಡೆದ ಮೇಲೆಯೇ ಫ್ಲೋರೈಡ್ ಹೊರಬರುತ್ತದೆ.

ನನ್ನ ಆಯ್ಕೆ ಸಿಲಿಕಾ. ಬೆಲೆ ಜಾಸ್ತಿ ಅನಿಸಿದರೆ ಕ್ಯಾಲ್ಸಿಯಂದೇ ತಗೊಳ್ಳಿ, 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಫ್ಲೋರೈಡ್ ಇದೆಯಾ ನೋಡಿ. ಯಾವುದೇ ಆಗಲಿ, ಉಜ್ಜಿದ ಮೇಲೆ ಉಗುಳಿ ಬಿಡಿ. ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ, ಫ್ಲೋರೈಡ್ ತೊಳೆದು ಹೋಗುತ್ತದೆ.